ಒಬ್ಬರ ಪಯಣ, ಹಲವರ ಕಾವಲು

ಅಮೆರಿಕದ ಕೊಲೊರಾಡೊದಲ್ಲಿ ರಾಕಿ ಪರ್ವತಗಳ ನೆತ್ತಿಯ ಮೇಲೆ ಹಾಯುವ ಟ್ರೈಲ್ ರಿಡ್ಜ್ ರಸ್ತೆ ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಹಿಮದಡಿ ಹೂತಿರುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಮುಚ್ಚಿದ ಗೇಟು ಸಾಮಾನ್ಯವಾಗಿ ತೆರೆಯುವುದು ಮೇ ಕೊನೆಗೆ. ಅದಕ್ಕಾಗಿ ಏಪ್ರಿಲ್‌ನಲ್ಲೇ ಹಿಮ ತೆಗೆಯುವ ಯಂತ್ರಗಳು ಬೆಟ್ಟದ ಎರಡೂ ಮಗ್ಗುಲಿನಿಂದ ಕೆಲಸ ಶುರು ಮಾಡುತ್ತವೆ. ಎಲ್ಲಿ ಡಾಂಬರು, ಎಲ್ಲಿ ಪ್ರಪಾತ ಎಂಬುದೇ ತಿಳಿಯದಷ್ಟು ಬಿಳಿ ಹರಡಿರುವಾಗ ರಸ್ತೆಯಂಚಿನಲ್ಲಿ ನೆಟ್ಟ ಎತ್ತರದ ಕಂಬಗಳೇ ಚಾಲಕರಿಗೆ ಗುರುತು. ಗಾಳಿ ತಂದು ಗುಡ್ಡೆ ಹಾಕಿದ ಹಿಮ ಕೆಲವು ಕಡೆ ಮೂರಾಳೆತ್ತರ ಇರುತ್ತದೆ. ಹಗಲಲ್ಲಿ ಸರಿಸಿದ್ದನ್ನು ರಾತ್ರಿಯ ಗಾಳಿ ಮತ್ತೆ ತಂದು ತುಂಬುವುದೂ ಉಂಟು. ಸುಮಾರು ಆರು ವಾರ ಹೀಗೆ ದುಡಿದ ಮೇಲೆ ತೆರೆದುಕೊಳ್ಳುವ 48 ಮೈಲಿ ದಾರಿಯನ್ನು ಬೇಸಿಗೆಯ ಪ್ರವಾಸಿ ಎರಡು ಗಂಟೆಯಲ್ಲಿ ದಾಟಿಬಿಡುತ್ತಾನೆ.

ಒಬ್ಬರೇ ಕಾರು ಹತ್ತಿ ದೂರದೂರಕ್ಕೆ ಹೋಗುವ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಸ್ವಾತಂತ್ರ್ಯ. ಬೇಕಾದಲ್ಲಿ ನಿಲ್ಲಬಹುದು, ಬೇಕಾದಾಗ ಹೊರಡಬಹುದು, ಯಾರನ್ನೂ ಕೇಳಬೇಕಿಲ್ಲ. ಅದೆಲ್ಲ ನಿಜವೇ. ಆದರೆ ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟದೂರುಗಳನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ಸುತ್ತಿ, ಯೂಟಾದ ಕೆಂಬಂಡೆಗಳವರೆಗೆ ಒಬ್ಬನೇ ಹೋಗಿ ಬಂದ ಮೇಲೆ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಸಂಗತಿ. ಬೆಟ್ಟದಲ್ಲಿ ಒಂಟಿಯಾಗಿ ಓಡಾಡುವ ಆ ಸ್ವಾತಂತ್ರ್ಯವನ್ನು ನಮಗೆ ಗೊತ್ತೇ ಇಲ್ಲದ ನೂರಾರು ಜನ ಕಾದು ಕೊಡುತ್ತಾರೆ. ಅವರ ಕೆಲಸ ಎಂಥದು ಎಂದು ಅರಿತು ಹೋದರೆ ಪಯಣ ಸುರಕ್ಷಿತವಾಗುತ್ತದೆ, ಕಾಣುವುದೂ ಹೆಚ್ಚುತ್ತದೆ.

ಸಾವಿರ ಮೈಲಿಯ ಸುತ್ತು

ಡೆನ್ವರ್‌ನಿಂದ ಹೊರಟು ಡೆನ್ವರ್‌ಗೇ ಮರಳುವ ಸುತ್ತು ಇದು. ಎಸ್ಟೆಸ್ ಪಾರ್ಕ್, ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ, ಲೆಡ್‌ವಿಲ್, ಬ್ಲ್ಯಾಕ್ ಕ್ಯಾನ್ಯನ್, ಯೂರೇ, ಸಿಲ್ವರ್‌ಟನ್, ಡುರಾಂಗೊ, ಮೆಸಾ ವರ್ಡೆ, ಅಲ್ಲಿಂದ ಯೂಟಾದ ಮೋಆಬ್. ಒಟ್ಟು ಸಾವಿರ ಮೈಲಿಯ ಆಸುಪಾಸು, ಅಂದರೆ 1,600 ಕಿ.ಮೀ.ಗೂ ಹೆಚ್ಚು. ಈ ಸುತ್ತಿನಲ್ಲಿ ಖಂಡದ ಜಲವಿಭಾಜಕ ರೇಖೆಯನ್ನು ನಾಲ್ಕು ಸಲ ದಾಟುತ್ತೇವೆ: ಮಿಲ್ನರ್, ಫ್ರೀಮಾಂಟ್, ಮೊನಾರ್ಕ್ ಎಂಬ ಮೂರು ಕಣಿವೆದಾರಿಗಳಲ್ಲಿ, ಕೊನೆಗೆ ಒಂದು ಸುರಂಗದಲ್ಲಿ. ನಮ್ಮ ಸಹ್ಯಾದ್ರಿಯ ನೆತ್ತಿಯಲ್ಲಿ ಒಂದು ಹನಿ ಅರಬ್ಬಿ ಸಮುದ್ರದ ಕಡೆಗೂ ಪಕ್ಕದ ಹನಿ ಬಂಗಾಳ ಕೊಲ್ಲಿಯ ಕಡೆಗೂ ಹರಿಯುವ ಹಾಗೆ, ಇಲ್ಲಿ ಒಂದು ಮಗ್ಗುಲ ನೀರು ಪೆಸಿಫಿಕ್ ದಿಕ್ಕಿಗೆ, ಇನ್ನೊಂದು ಮಗ್ಗುಲ ನೀರು ಅಟ್ಲಾಂಟಿಕ್ ದಿಕ್ಕಿಗೆ.

ಹೊರಡುವ ಹಿಂದಿನ ರಾತ್ರಿ ಡೆನ್ವರ್ ಪಕ್ಕದ ಅರೋರಾದಲ್ಲಿ ನೆಲೆಸಿರುವ ಧಾರವಾಡದ ಅಕ್ಕನೊಬ್ಬರ ಮನೆಯಲ್ಲಿ ತಂಗಿದ್ದೆ. ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಡಬ್ಬಿಗೆ ತುಂಬುತ್ತಾ ಅವರು ಹೇಳಿದರು: "ಬೆಟ್ಟದಾಗ ಫೋನ್ ಹತ್ತೂದಿಲ್ಲ ನೋಡು. ಮುಂಜಾನೆ ಎಲ್ಲಿಂದ ಬಿಡತಿ, ಸಂಜಿಕ ಎಲ್ಲಿ ಮುಟ್ಟತಿ, ಎಲ್ಲಾ ಒಂದ ಹಾಳಿ ಮ್ಯಾಲ ಬರದ ಕೊಟ್ಟ ಹೋಗು. ರಾತ್ರಿ ಎಂಟರ ತನಕ ನಿನ್ನ ಮೆಸೇಜ್ ಬರಲಿಲ್ಲಂದ್ರ ನಾ ಸುಮ್ಮನ ಕುಂಡ್ರಾಕಿ ಅಲ್ಲ." ಒಂಟಿ ಪಯಣಿಗರಿಗೆ ಬೆಟ್ಟದ ರೇಂಜರ್‌ಗಳು ಕೊಡುವ ಮೊದಲ ಸಲಹೆಯೂ ಇದೇ. ನಾವು ಎಲ್ಲಿದ್ದೇವೆ ಎಂದು ಒಬ್ಬರಿಗಾದರೂ ತಿಳಿದಿರಬೇಕು. ಹೊತ್ತು ಮೀರಿದರೆ ವಿಚಾರಿಸುವ ಹೊಣೆ ಅವರದಾಗಿರಬೇಕು.

ಎಸ್ಟೆಸ್ ಪಾರ್ಕ್‌ಗೆ ಹೋಗುವ ಒಂದು ದಾರಿ ಬಿಗ್ ಥಾಂಪ್ಸನ್ ನದಿಯ ಇಕ್ಕಟ್ಟಾದ ಕೊರಕಲಿನೊಳಗೆ ಸಾಗುತ್ತದೆ. ಮಧ್ಯೆ ಮಧ್ಯೆ ಒಂದು ಫಲಕ ಕಾಣುತ್ತದೆ: ಗುಡ್ಡ ಹತ್ತುತ್ತಿರುವ ಮನುಷ್ಯನ ಚಿತ್ರ, ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಎಂಬ ಸೂಚನೆ. 1976ರ ಜುಲೈ 31ರ ಸಂಜೆ ಮೇಲಿನ ಬೆಟ್ಟಗಳಲ್ಲಿ ಕೆಲವೇ ಗಂಟೆಗಳಲ್ಲಿ ಸುರಿದ ಮಳೆ ಈ ಕೊರಕಲಿನಲ್ಲಿ ಗೋಡೆಯಂತೆ ಇಳಿದು ಬಂತು. 140ಕ್ಕೂ ಹೆಚ್ಚು ಜನ ಸತ್ತರು. ಕಾರಿನಲ್ಲಿ ನೀರಿಗಿಂತ ಮುಂದೆ ಓಡಿ ತಪ್ಪಿಸಿಕೊಳ್ಳಲು ನೋಡಿದವರು ಅವರಲ್ಲಿ ಎಷ್ಟೋ ಮಂದಿ. ಕಾರು ಬಿಟ್ಟು ಬಂಡೆ ಹತ್ತಿದವರು ಉಳಿದರು. ಆ ರಾತ್ರಿ ಕಲಿತದ್ದನ್ನು ರಾಜ್ಯವು ಫಲಕವಾಗಿಸಿ ರಸ್ತೆಬದಿಗೆ ನೆಟ್ಟಿತು. ದಾರಿಯಲ್ಲಿ ಸಿಗುವ ಪ್ರತಿ ಎಚ್ಚರಿಕೆಯ ಹಿಂದೆಯೂ ಹೀಗೆ ಯಾರದೋ ಜೀವ ತೆತ್ತ ಪಾಠವಿರುತ್ತದೆ ಎಂದು ತಿಳಿದರೆ ನಾವು ಅವನ್ನು ಓದುವ ರೀತಿಯೇ ಬದಲಾಗುತ್ತದೆ.

ಗಾಳಿ ತೆಳುವಾದಾಗ

ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು 1915ರಲ್ಲಿ. ಈನಾಸ್ ಮಿಲ್ಸ್ ಎಂಬ ಬೆಟ್ಟದ ಮಾರ್ಗದರ್ಶಿ ವರ್ಷಗಟ್ಟಲೆ ಊರೂರು ತಿರುಗಿ, ಭಾಷಣ ಮಾಡಿ, ಬರೆದು ಹೋರಾಡಿದ್ದರ ಫಲ ಅದು. ಟ್ರೈಲ್ ರಿಡ್ಜ್ ರಸ್ತೆ 1932ರಲ್ಲಿ ತೆರೆಯಿತು. ಅದರ ಅತಿ ಎತ್ತರದ ಜಾಗ 12,183 ಅಡಿ, ಅಂದರೆ 3,713 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಶಿಖರದ ಎತ್ತರ 1,930 ಮೀಟರ್ ಎಂಬುದನ್ನು ನೆನೆದರೆ, ಕಾರು ಎಲ್ಲಿಗೆ ಹತ್ತಿ ನಿಂತಿದೆ ಎಂಬ ಅಂದಾಜು ಸಿಗುತ್ತದೆ. ಇದರಲ್ಲಿ 11 ಮೈಲಿಯಷ್ಟು ದಾರಿ ಮರಗಳೇ ಬೆಳೆಯದ ಎತ್ತರದಲ್ಲಿದೆ. ಅಲ್ಲಿ ಬದುಕುವ ಗಿಡಗಳು ಅಂಗೈಯಗಲದ ಮೆತ್ತೆಗಳ ಹಾಗೆ ನೆಲಕ್ಕೆ ಅಂಟಿಕೊಂಡಿವೆ. ಬಗ್ಗಿ ನೋಡಿದರೆ ಒಂದೊಂದು ಮೆತ್ತೆಯಲ್ಲೂ ಉಗುರಿಗಿಂತ ಸಣ್ಣ ಎಲೆಗಳು ಒತ್ತೊತ್ತಾಗಿ ಕೂತು ಗಾಳಿಗೆ ಬೆನ್ನು ಕೊಟ್ಟಿರುತ್ತವೆ. ಬೇಸಿಗೆ ಕೆಲವೇ ವಾರಗಳಿರುವ ಜಾಗದಲ್ಲಿ ಬೂಟುಗಾಲಿನ ತುಳಿತದಿಂದ ಹಾಳಾದ ನೆಲ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಆದ್ದರಿಂದಲೇ ಕಟ್ಟಿದ ಕಾಲುದಾರಿ ಬಿಟ್ಟು ಇಳಿಯಬೇಡಿ ಎಂದು ರೇಂಜರ್‌ಗಳು ಕೇಳಿಕೊಳ್ಳುತ್ತಾರೆ.

ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೂ ಸ್ವಲ್ಪ ಕಡಿಮೆ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ, ನಿದ್ದೆಗೇಡು ಬಂದರೆ ಅಚ್ಚರಿಯಿಲ್ಲ. ಜೊತೆಗಾರರಿದ್ದರೆ "ಯಾಕೋ ಮುಖ ಬಾಡಿದೆ" ಎಂದು ಹೇಳುತ್ತಾರೆ. ಒಬ್ಬರೇ ಇದ್ದಾಗ ನಮ್ಮ ಮೈಯ ಸೂಚನೆಯನ್ನು ನಾವೇ ಓದಿಕೊಳ್ಳಬೇಕು. ಡೆನ್ವರ್‌ನ 5,280 ಅಡಿಯಲ್ಲಿ ಒಂದೆರಡು ರಾತ್ರಿ ಕಳೆದು ಹತ್ತುವುದು, ನೀರು ಚೆನ್ನಾಗಿ ಕುಡಿಯುವುದು, ಲಕ್ಷಣ ಹೆಚ್ಚಾದರೆ ತಡಮಾಡದೆ ಇಳಿದುಬಿಡುವುದು, ಇವೇ ಪರಿಹಾರ. ಟರ್ಬೊ ಇಲ್ಲದ ಎಂಜಿನ್‌ಗೂ ಇದೇ ಪಾಡು. ಪ್ರತಿ ಸಾವಿರ ಅಡಿಗೆ ಅದರ ಶಕ್ತಿ ಶೇ 3ರಷ್ಟು ಕುಗ್ಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಕೆಳಗೆ ಕೊಂಡ ಚಿಪ್ಸ್ ಪೊಟ್ಟಣ ಹಿಂದಿನ ಸೀಟಿನಲ್ಲಿ ಬಲೂನಿನಂತೆ ಉಬ್ಬಿ ಬಿಗಿದುಕೊಳ್ಳುತ್ತದೆ. 10,152 ಅಡಿ ಎತ್ತರದ ಲೆಡ್‌ವಿಲ್‌ನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿ ನೆಲೆಸುವ ಕನ್ನಡಿಗರಿಗೆ ಪ್ರೆಷರ್ ಕುಕ್ಕರ್ ಬೇಕೇ ಬೇಕು.

ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಗುಡುಗು ಸಿಡಿಲು ಬರುವುದು ಇಲ್ಲಿ ನಿತ್ಯದ ಮಾತು. ಮರವೇ ಇಲ್ಲದ ಬಯಲಿನಲ್ಲಿ ಎದ್ದು ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಹಾಗಾಗಿ ಬೆಳಗಿನ ಜಾವ ಹತ್ತಿ ಮಧ್ಯಾಹ್ನದೊಳಗೆ ಇಳಿಯಬೇಕೆಂಬುದು ಸ್ಥಳೀಯರ ಕಟ್ಟುಪಾಡು. ನಾನು ಹೋದ ಸೆಪ್ಟೆಂಬರ್ ಹೊತ್ತಿಗೆ ಆ ಮಳೆ ಹಿಂದೆ ಸರಿದಿರುತ್ತದೆ, ಆಸ್ಪೆನ್ ಮರಗಳು ಹಳದಿಗೆ ತಿರುಗಿರುತ್ತವೆ, ಎಲ್ಕ್ ಜಿಂಕೆಗಳ ಗಂಡುಗಳು ಎಸ್ಟೆಸ್ ಪಾರ್ಕ್ ಪೇಟೆಯ ಹುಲ್ಲುಹಾಸಿಗೇ ಬಂದು ಕೂಗುತ್ತವೆ.

ತಡೆಗೋಡೆ ಇಲ್ಲದ ರಸ್ತೆ

ಬ್ಲ್ಯಾಕ್ ಕ್ಯಾನ್ಯನ್ ಆಫ್ ದಿ ಗನ್ನಿಸನ್ 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 170 ಕೋಟಿ ವರ್ಷ ಹಳೆಯ ಗಟ್ಟಿ ಶಿಲೆಯನ್ನು ನದಿ ನೆಟ್ಟಗೆ ಕೊರೆದು ಮಾಡಿದ ಕಂದಕ ಅದು. ಇಲ್ಲಿನ ಪೇಂಟೆಡ್ ವಾಲ್ ಎಂಬ ಬಂಡೆಗೋಡೆ 2,250 ಅಡಿ ಎತ್ತರ. ಕಂದಕದ ತಳದಲ್ಲಿ ದಿನಕ್ಕೆ 33 ನಿಮಿಷ ಮಾತ್ರ ಬಿಸಿಲು ಬೀಳುವ ಜಾಗಗಳೂ ಇವೆ. ಅಂಥ ಕತ್ತಲ ಕಂದಕದ ನೀರನ್ನು ಪಕ್ಕದ ಒಣ ಕಣಿವೆಗೆ ಹರಿಸಲು ಬಂಡೆಯೊಳಗೆ ಸುಮಾರು ಆರು ಮೈಲಿ ಸುರಂಗ ಕೊರೆದು 1909ರಲ್ಲಿ ಮುಗಿಸಿದರು. ಇವತ್ತಿಗೂ ಆ ಕಣಿವೆಯ ಮಾಂಟ್ರೋಸ್ ಊರಿನ ಸುತ್ತಿನ ಮೆಕ್ಕೆಜೋಳ ಆ ನೀರಿನಲ್ಲೇ ಬೆಳೆಯುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಯೂರೇ. ಮೂರು ಕಡೆ ಬೆಟ್ಟ ಸುತ್ತುವರಿದ, ಬಿಸಿನೀರಿನ ಬುಗ್ಗೆಗಳ ಪುಟ್ಟ ಊರು. ಊರಿಗೆ ಯೂಟ್ ಎಂಬ ಮೂಲನಿವಾಸಿ ಜನರ ನಾಯಕನ ಹೆಸರಿದೆ. ಆದರೆ ಆ ಜನ ಇಲ್ಲಿಲ್ಲ. ಚಿನ್ನ, ಬೆಳ್ಳಿ ಸಿಕ್ಕಿದ ಮೇಲೆ 1873ರ ಒಪ್ಪಂದದಲ್ಲಿ ಇಲ್ಲಿನ ಸ್ಯಾನ್ ವಾನ್ ಬೆಟ್ಟಗಳನ್ನು ಅವರಿಂದ ಪಡೆದರು. 1881ರಲ್ಲಿ ಈ ಸೀಮೆಯಿಂದಲೇ ಅವರನ್ನು ಯೂಟಾಕ್ಕೆ ಹೊರಗಟ್ಟಿದರು. ಇಲ್ಲಿನ ಚೆಲುವನ್ನು ನೋಡಲು ಬರುವವರು ಈ ಚರಿತ್ರೆಯನ್ನೂ ತಿಳಿದು ಹೋಗಬೇಕು.

ಯೂರೇಯಿಂದ ಸಿಲ್ವರ್‌ಟನ್‌ಗೆ ಹೋಗುವ ಸುಮಾರು 25 ಮೈಲಿಯ ಹೆದ್ದಾರಿಯೇ ಹೆಸರಾಂತ ಮಿಲಿಯನ್ ಡಾಲರ್ ಹೈವೇ. ಆಟೊ ಮೇರ್ಸ್ ಎಂಬ, ರಷ್ಯಾದಿಂದ ವಲಸೆ ಬಂದಿದ್ದ ಉದ್ಯಮಿ 1880ರ ದಶಕದಲ್ಲಿ ಗಣಿಗಳಿಗಾಗಿ ಸುಂಕದ ರಸ್ತೆಯಾಗಿ ಇದನ್ನು ಕಟ್ಟಿದ. 1920ರ ದಶಕದಲ್ಲಿ ಅದು ಮೋಟಾರು ರಸ್ತೆಯಾಯಿತು. ಊರು ಬಿಟ್ಟ ಕೂಡಲೇ ಬಂಡೆಯನ್ನು ಕಡಿದು ಮಾಡಿದ ದಾರಿ ಅಂಕಂಪಾಗ್ರೆ ಕೊರಕಲಿನ ಅಂಚಿನಲ್ಲಿ ಏರುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬಿಳಿ ಗೆರೆ. ಗೆರೆಯಾಚೆ ನೂರಾರು ಅಡಿ ಆಳ. ಉದ್ದಕ್ಕೂ ಬಹುಪಾಲು ತಡೆಗೋಡೆಯೇ ಇಲ್ಲ. ಅದಕ್ಕೆ ಹೇಳುವ ಮುಖ್ಯ ಕಾರಣ ಹಿಮ. ಚಳಿಗಾಲದಲ್ಲಿ ಯಂತ್ರ ಕೆರೆದ ಹಿಮವನ್ನು ಎಲ್ಲಾದರೂ ದೂಡಬೇಕು, ಬಂಡೆಯ ಕಡೆ ಜಾಗವಿಲ್ಲ, ಪ್ರಪಾತದ ಕಡೆಗೇ ದೂಡಬೇಕು. ಅಲ್ಲಿ ಗೋಡೆ ಇದ್ದರೆ ಹಿಮ ಅದಕ್ಕೆ ಒತ್ತಿ ನಿಂತು ರಸ್ತೆಯನ್ನೇ ನುಂಗುತ್ತದೆ. ಗೋಡೆ ಇಲ್ಲದಿರುವುದರಿಂದಲೇ ಈ ಊರುಗಳಿಗೆ ಚಳಿಗಾಲದಲ್ಲಿ ಹಾಲು, ಔಷಧ, ಶಾಲೆಯ ಬಸ್ಸು ತಲುಪುತ್ತವೆ.

ಅಮೆರಿಕದಲ್ಲಿ ಬಲಬದಿಯ ಸಂಚಾರ. ಹಾಗಾಗಿ ಯೂರೇಯಿಂದ ದಕ್ಷಿಣಕ್ಕೆ ಹೊರಟವರು ಪ್ರಪಾತದ ಅಂಚಿನಲ್ಲೂ, ಸಿಲ್ವರ್‌ಟನ್‌ನಿಂದ ಉತ್ತರಕ್ಕೆ ಬರುವವರು ಬಂಡೆಗೆ ಒತ್ತಿಕೊಂಡೂ ಸಾಗುತ್ತಾರೆ. ಎತ್ತರದ ಅಂಜಿಕೆ ಇರುವವರು ಸುತ್ತನ್ನು ತಿರುವುಮುರುವು ಮಾಡಿಕೊಂಡರೆ ಮನಸ್ಸು ನಿರಾಳ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕು ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಡಿಮೆ ಗೇರಿಗೆ ಇಳಿಸಿ ಎಂಜಿನ್ನೇ ವೇಗ ತಡೆಯುವಂತೆ ಮಾಡಬೇಕು. ಆಟೊಮ್ಯಾಟಿಕ್ ಕಾರುಗಳಲ್ಲೂ ಅದಕ್ಕೆ ಸೌಲಭ್ಯವಿದೆ. ಇದೇ ರಾಜ್ಯದ ಪೈಕ್ಸ್ ಪೀಕ್ ಶಿಖರದಿಂದ ಇಳಿಯುವ ಪ್ರತಿ ಕಾರನ್ನೂ ಅರ್ಧದಾರಿಯಲ್ಲಿ ನಿಲ್ಲಿಸಿ ಬ್ರೇಕಿನ ಬಿಸಿ ಅಳೆಯುತ್ತಾರೆ. ಹೆಚ್ಚು ಕಾದಿದ್ದರೆ ಆರುವವರೆಗೆ ಬಿಡುವುದಿಲ್ಲ.

ದಾರಿ 11,018 ಅಡಿಯ ರೆಡ್ ಮೌಂಟನ್ ಪಾಸ್ ಎಂಬ ಕಣಿವೆದಾರಿ ಮುಟ್ಟುವ ಮೊದಲು ರಸ್ತೆಯ ಮೇಲೆ ಕಾಂಕ್ರೀಟ್ ಚಾವಣಿಯೊಂದು ಸಿಗುತ್ತದೆ. ಮೇಲಿಂದ ಜಾರುವ ಹಿಮರಾಶಿ ವಾಹನಗಳ ನೆತ್ತಿಯ ಮೇಲಿಂದ ಹಾದು ಕೊರಕಲಿಗೆ ಬೀಳಲೆಂದು ಕಟ್ಟಿದ್ದು. ಅದರ ಹತ್ತಿರವೇ ಒಂದು ಸ್ಮಾರಕವಿದೆ, ಈ ದಾರಿಯ ಹಿಮ ತೆಗೆಯುತ್ತಿರುವಾಗ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಮೂವರು ಚಾಲಕರ ನೆನಪಿಗೆ. ಗಾಡಿ ನಿಲ್ಲಿಸಲು ಜಾಗ ಸಿಗುವಲ್ಲಿ ಇಳಿದು ಅದನ್ನು ನೋಡಬೇಕು. ಇಂದಿಗೂ ಹಿಮ ಅಪಾಯದ ಮಟ್ಟ ಮುಟ್ಟಿದಾಗ ರಾಜ್ಯದ ಸಾರಿಗೆ ಇಲಾಖೆಯವರು ರಸ್ತೆ ಮುಚ್ಚಿ, ಸ್ಫೋಟಕ ಸಿಡಿಸಿ ಹಿಮವನ್ನು ತಾವೇ ಕೆಡವಿ, ಬಿದ್ದದ್ದನ್ನು ಬಾಚಿ, ಮತ್ತೆ ತೆರೆಯುತ್ತಾರೆ.

ಗಣಿಯೂರು, ಬಂಡೆಯೂರು

ರೆಡ್ ಮೌಂಟನ್ ಪಾಸ್‌ನ ಬೆಟ್ಟಗಳ ಕೆಂಪು ಎಂದರೆ ಕಬ್ಬಿಣದ ತುಕ್ಕಿನ ಬಣ್ಣ. ಈ ಬೆಟ್ಟಗಳ ಚಿನ್ನ, ಬೆಳ್ಳಿಯೇ ಇಲ್ಲಿನ ಊರುಗಳನ್ನು ಹುಟ್ಟಿಸಿದವು. 9,318 ಅಡಿಯ ಸಿಲ್ವರ್‌ಟನ್‌ಗೆ ಡುರಾಂಗೊದಿಂದ ನ್ಯಾರೊಗೇಜ್ ರೈಲು 1882ರಲ್ಲಿ ಬಂತು. ಅಂದು ಅದಿರು ಹೊತ್ತ ಹಳಿಯ ಮೇಲೆ ಇಂದು ಪ್ರವಾಸಿಗರು ಬರುತ್ತಾರೆ. ಗಣಿಗಳು ಮುಚ್ಚಿದರೂ ಅವುಗಳ ನಂಜು ಮುಗಿದಿಲ್ಲ. 2015ರ ಆಗಸ್ಟ್‌ನಲ್ಲಿ ಇಲ್ಲಿನ ಪಾಳುಬಿದ್ದ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ವಿಷನೀರು ನುಗ್ಗಿ ಅನಿಮಾಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಗಣಿ ತೋಡಿದವರು ಹೋಗಿ ಎಷ್ಟೋ ಕಾಲವಾದ ಮೇಲೂ ಅದನ್ನು ಶುಚಿ ಮಾಡುವವರು ದುಡಿಯುತ್ತಲೇ ಇದ್ದಾರೆ.

ಡುರಾಂಗೊದಿಂದ ಪಶ್ಚಿಮಕ್ಕೆ ಮೆಸಾ ವರ್ಡೆ. ಮನುಷ್ಯರ ಕೈಕೆಲಸವನ್ನು ಉಳಿಸಲೆಂದೇ 1906ರಲ್ಲಿ ಮಾಡಿದ ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನ ಇದು. 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮೂಲನಿವಾಸಿಗಳಾದ ಪುಯೆಬ್ಲೊ ಜನರ ಪೂರ್ವಿಕರು ಇಲ್ಲಿ ಏಳುನೂರು ವರ್ಷ ಬಾಳಿದರು. ಬಂಡೆಯ ಪೊಟರೆಯೊಳಗೆ ಕಟ್ಟಿದ ಕ್ಲಿಫ್ ಪ್ಯಾಲೇಸ್‌ನಲ್ಲಿ ಸುಮಾರು 150 ಕೋಣೆಗಳಿವೆ. ತೊಲೆಗಳ ಮರದ ಉಂಗುರ ಎಣಿಸಿ, ಯಾವ ವರ್ಷ ಕಡಿದ ಮರ, ಯಾವ ವರ್ಷ ಬರ ಎಂದು ವಿಜ್ಞಾನಿಗಳು ಓದಿದ್ದಾರೆ. 1276ರಿಂದ 1299ರವರೆಗಿನ ದೀರ್ಘ ಬರಗಾಲವೂ ಸೇರಿದಂತೆ ಹಲವು ಕಾರಣಗಳಿಂದ ಅವರು ದಕ್ಷಿಣಕ್ಕೆ ಸರಿದರು. ಹೋಪಿ, ಝೂನಿ ಮೊದಲಾದ ಜನ ಅವರ ವಂಶದವರು. 1891ರಲ್ಲಿ ಇಲ್ಲಿಂದ ಯುರೋಪಿಗೆ ಸಾಗಿಸಿದ್ದ ಅಸ್ಥಿಗಳನ್ನು 2020ರಲ್ಲಿ ಫಿನ್‌ಲ್ಯಾಂಡ್ ಹಿಂತಿರುಗಿಸಿತು. ಆ ವಂಶದ ಜನರೇ ಅವನ್ನು ಉದ್ಯಾನದಲ್ಲಿ ಮತ್ತೆ ಮಣ್ಣು ಮಾಡಿದರು. ಕ್ಲಿಫ್ ಪ್ಯಾಲೇಸ್ ಒಳಗೆ ರೇಂಜರ್ ಜೊತೆಯಲ್ಲಷ್ಟೇ ಪ್ರವೇಶ. ಒಂಟಿಯಾಗಿ ಬಂದವನಿಗೆ ಅದು ಲಾಭವೇ. ಏಣಿ ಹತ್ತುವಾಗ ಕೈ ಎಲ್ಲಿಡಬೇಕು ಎಂಬುದರಿಂದ ಹಿಡಿದು ಗೋಡೆಯ ಗಾರೆಯಲ್ಲಿ ಉಳಿದಿರುವ ಬೆರಳಿನ ಗುರುತಿನವರೆಗೆ ತೋರಿಸಿ ಹೇಳುವವರು ಸಿಗುತ್ತಾರೆ.

ಮೋಆಬ್ ಪಕ್ಕದ ಆರ್ಚಸ್ ಉದ್ಯಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ಬೆಟ್ಟದಲ್ಲಿ ಕಾಡಿದ್ದು ತೆಳು ಗಾಳಿಯಾದರೆ ಇಲ್ಲಿ ಬಿಸಿಲು. ಡೆಲಿಕೇಟ್ ಆರ್ಚ್‌ಗೆ ಹೋಗಿಬರುವ ಮೂರು ಮೈಲಿ ದಾರಿಯಲ್ಲಿ ನೆರಳಿಲ್ಲ, ನೀರಿಲ್ಲ. ಮುಂಜಾನೆ ಹೊರಡಬೇಕು, ನೀರು ಹೊತ್ತೇ ಹೊರಡಬೇಕು.

ಮರಳುವ ದಾರಿಯಲ್ಲಿ

ಡೆನ್ವರ್‌ಗೆ ಹಿಂತಿರುಗುವ ಐ-70 ಹೆದ್ದಾರಿ ಗ್ಲೆನ್‌ವುಡ್ ಕಣಿವೆಯಲ್ಲಿ ಹಾಯುತ್ತದೆ. ಕೊಲೊರಾಡೊ ನದಿ, ರೈಲು ಹಳಿ, ಎರಡು ಮಜಲಿನ ಹೆದ್ದಾರಿ, ಸೈಕಲ್ ದಾರಿ ಎಲ್ಲವೂ ಆ ಇಕ್ಕಟ್ಟಿನಲ್ಲಿ ಒಟ್ಟಿಗೆ ಸಾಗುತ್ತವೆ. 1992ರಲ್ಲಿ ಮುಗಿದ ಈ 12 ಮೈಲಿಯಲ್ಲಿ 40 ಸೇತುವೆಗಳಿವೆ. ಕಟ್ಟುವಾಗ ಮರಗಿಡಗಳಿಗೆ ಹಾನಿ ಮಾಡಿದ ಗುತ್ತಿಗೆದಾರರಿಗೆ ದಂಡ ಹಾಕಿದರು. 2020ರಲ್ಲಿ ಇಲ್ಲಿ ಕಾಡು ಸುಟ್ಟಿತು. ಹಿಡಿದಿಡಲು ಬೇರಿಲ್ಲದ ಮಣ್ಣು 2021ರ ಮಳೆಗೆ ಕುಸಿದು ರಸ್ತೆ ವಾರಗಟ್ಟಲೆ ಮುಚ್ಚಿತು.

ಕೊನೆಯ ಏರಿನಲ್ಲಿ 11,000 ಅಡಿ ಮೀರಿದ ಎತ್ತರದ ಐಸೆನ್‌ಹೋವರ್ ಸುರಂಗ ಸಿಗುತ್ತದೆ. 1973ರಲ್ಲಿ ತೆರೆದ ಇದರ ಕೆಲಸಕ್ಕೆ ಜಾನೆಟ್ ಬೊನ್ನೆಮಾ ಎಂಬ ತಂತ್ರಜ್ಞೆ ಸೇರಿದ್ದರು. ಹೆಂಗಸು ಸುರಂಗದೊಳಗೆ ಕಾಲಿಟ್ಟರೆ ಅಪಶಕುನ ಎಂದು ಗಣಿಕಾರ್ಮಿಕರು ನಂಬಿದ್ದ ಕಾಲ. ಅವರನ್ನು ಹೊರಗೇ ಕೂರಿಸಿದಾಗ ನ್ಯಾಯಾಲಯಕ್ಕೆ ಹೋಗಿ, 1972ರಲ್ಲಿ ಒಳಗೆ ಕಾಲಿಟ್ಟು, ತಮ್ಮ ಕೆಲಸ ತಾವು ಮಾಡಿದರು. ಇಂದು ಸುರಂಗ ದಾಟಲು ಕಾರಿಗೆ ಹಿಡಿಯುವುದು ಒಂದೆರಡು ನಿಮಿಷ.

ಹೊರಡುವವರಿಗೆ

ಪೆಟ್ರೋಲ್ ಅರ್ಧಕ್ಕಿಳಿದರೆ ತುಂಬಿಸಿ. ಮುಂದಿನ ಬಂಕ್ ಎಷ್ಟು ದೂರವೋ ತಿಳಿಯದು. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಕಾಗದದ ನಕ್ಷೆಯನ್ನೂ ಇಟ್ಟುಕೊಳ್ಳಿ. ಬೆಳಿಗ್ಗೆ ಹೊರಡುವ ಮೊದಲು ಸಾರಿಗೆ ಇಲಾಖೆಯ ರಸ್ತೆ ಮಾಹಿತಿ ನೋಡಿ. ಉದ್ಯಾನಗಳಿಗೆ ಮುಂಗಡ ಸಮಯ ಕಾಯ್ದಿರಿಸಬೇಕೇ ಎಂದು ವಿಚಾರಿಸಿ, ಈ ನಿಯಮ ವರ್ಷವರ್ಷ ಬದಲಾಗುತ್ತದೆ. ಕತ್ತಲಲ್ಲಿ ಬೆಟ್ಟ ಇಳಿಯಬೇಡಿ. ಜಿಂಕೆ, ಎಲ್ಕ್‌ಗಳು ರಸ್ತೆಗೆ ಬರುವ ಹೊತ್ತು ಅದು. ಹಿಂದೆ ವಾಹನ ಸಾಲುಗಟ್ಟಿದರೆ ಬದಿಗೆ ಸರಿದು ದಾರಿ ಬಿಡಿ; ಆತುರದವರಿಗೆ ದಾರಿ, ನಿಮಗೆ ನೆಮ್ಮದಿ.

ಕೊಲೊರಾಡೊದ ಬೆಟ್ಟಗಳಲ್ಲಿ ಯಾರಾದರೂ ಕಳೆದುಹೋದರೆ ಹುಡುಕಲು ಹೊರಡುವವರು ಹೆಚ್ಚಿನಂಶ ಸಂಬಳವಿಲ್ಲದ ಸ್ವಯಂಸೇವಕರು. ಅಂಗಡಿ, ಶಾಲೆ, ಕಚೇರಿಯ ಕೆಲಸ ಬಿಟ್ಟು ರಾತ್ರಿಯಲ್ಲಿ ಹಗ್ಗ, ದೀಪ ಹಿಡಿದು ಹೋಗುತ್ತಾರೆ. ರಕ್ಷಿಸಿದ್ದಕ್ಕೆ ಹಣ ಕೇಳುವುದಿಲ್ಲ. ಈ ಕೆಲಸದ ಖರ್ಚಿಗೆಂದೇ ರಾಜ್ಯ ಸಣ್ಣ ಮೊತ್ತಕ್ಕೆ ಒಂದು ಕಾರ್ಡ್ ಮಾರುತ್ತದೆ. ಬೆಟ್ಟ ಹತ್ತುವ ಪ್ರತಿಯೊಬ್ಬರೂ ಅದನ್ನು ಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಮೋಡ ಕವಿದರೆ, ತಲೆ ಸಿಡಿದರೆ, ಹೊತ್ತು ಮೀರಿದರೆ ಹಿಂದಿರುಗಬೇಕು. ಒಬ್ಬನ ಹಟ ಹತ್ತು ಜನರನ್ನು ಅಪಾಯಕ್ಕೆ ತಳ್ಳಬಾರದು.

ಇದು ದೂರದೇಶದ ಮಾತಷ್ಟೇ ಆಗಬೇಕಿಲ್ಲ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಜರಿದಾಗ ಸುರಿಮಳೆಯಲ್ಲಿ ಮಣ್ಣು ಬಾಚಿ ದಾರಿ ಬಿಡಿಸುವ ಜೆಸಿಬಿ ಚಾಲಕರ, ಗ್ಯಾಂಗ್‌ಮನ್‌ಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ನೆನಪಿಗೂ ಘಾಟಿಯ ತಿರುವಿನಲ್ಲಿ ಒಂದು ಕಲ್ಲು ನಿಲ್ಲಬೇಕು. ಅವರಿಗೆ ಒಳ್ಳೆಯ ರೇನ್‌ಕೋಟು, ವಿಮೆ, ತಕ್ಕ ಕೂಲಿ ಸಿಗಬೇಕು. ರಸ್ತೆ ಮುಚ್ಚಿದೆ ಎಂದು ಫಲಕ ಹಾಕಿದ ದಿನ ನಾವು ಬ್ಯಾರಿಕೇಡ್ ಸರಿಸಿ ನುಗ್ಗದೆ ಕಾಯುವುದನ್ನು ಕಲಿಯಬೇಕು. ಒಬ್ಬರೇ ಹೋಗುವ ಸುಖ ಉಳಿಯುವುದು ದಾರಿ ಕಾಯುವವರ ಮಾತಿಗೆ ನಾವು ಬೆಲೆ ಕೊಟ್ಟಾಗ.